ನೀರಿನ ಗುಂಪಿಗೆ ಉಳಿದ ಒಬ್ಬ ಅಡ್ಮಿನ್

೨೦೨೬ರ ಫೆಬ್ರುವರಿ ಹನ್ನೊಂದು, ಬುಧವಾರ. ಶಿಕಾರಿಪುರ ತಾಲ್ಲೂಕಿನ ಅಂಬ್ಲಿಗೊಳ ಜಲಾಶಯದ ನಾಲೆಯ ಒಂದು ಕವಲಿಗೆ ಸೇರಿದ ರೈತರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹೊತ್ತು ಮೂಡುವಾಗ ಉಳಿದಿರುವವರು ಹತ್ತೊಂಬತ್ತು ಮಂದಿ. ಹಿಂದಿನ ದಿನ ಬೆಳಿಗ್ಗೆ ಇನ್ನೂರ ಹದಿಮೂರು ಮಂದಿ ಇದ್ದರು.

ಈ ಲೆಕ್ಕ ಮಾಸ್ತಪ್ಪ ಅವರಿಗೆ ಇನ್ನೂ ತಿಳಿದಿಲ್ಲ. ಅವರು ಕವಲಿನ ಕೊನೆಯದಾದ ಹದಿನಾಲ್ಕನೇ ತೂಬಿನ ಬಳಿ, ಪಂಚೆಯನ್ನು ಮೊಣಕಾಲ ಮೇಲಕ್ಕೆ ಕಟ್ಟಿ, ಎಡಗಾಲನ್ನು ನೀರಿನಲ್ಲಿಟ್ಟು ನಿಂತಿದ್ದಾರೆ. ನೀರು ಮೀನಖಂಡವನ್ನು ಮುಟ್ಟಿದರೆ ಹರಿವು ಸರಿಯಿದೆ ಎಂದರ್ಥ. ಇಂದು ಎರಡು ಬೆರಳು ಕಡಿಮೆ. ಗೇಟಿನ ಚಕ್ರವನ್ನು ಕಾಲು ಸುತ್ತು ತಿರುಗಿಸುತ್ತಾರೆ, ತೂಬಿನ ಬಾಯಿಗೆ ಸಿಕ್ಕಿಕೊಂಡ ಕಳೆಯ ಕಂತೆಯನ್ನು ಗುದ್ದಲಿಯಿಂದ ಎಳೆದು ದಂಡೆಗೆ ಎಸೆಯುತ್ತಾರೆ, ಮತ್ತೆ ಕಾಲಿಡುತ್ತಾರೆ. ಆಮೇಲೆ ಹಾಲಿನ ಪ್ಯಾಕೆಟ್ಟಿನಲ್ಲಿ ಸುತ್ತಿಟ್ಟ ಫೋನನ್ನು ಹೊರತೆಗೆದು, ಎದುರು ದಂಡೆಯವರನ್ನು ಕೂಗುವ ದನಿಯಲ್ಲಿಯೇ ಅದರೊಳಗೆ ಮಾತಾಡುತ್ತಾರೆ.

“ಹದಿನಾಲ್ಕನೇ ತೂಬಿನೋರು ಕೇಳ್ರಿ. ಮೇಲಿನ ಇಬ್ರು ಈ ವಾರ ನಮಗೆ ನೀರು ಸಾಕು ಅಂದಾರೆ. ಸರದಿ ಎರಡು ತಾಸು ಮುಂದೆ ಬಂದೈತಿ. ನೀಲಾಂಬಿಕಮ್ಮೋರೆ, ನಿಮ್ದು ಮೂರಕ್ಕಲ್ಲ, ಒಂದಕ್ಕೆ. ಊಟ ಬೇಗ ಮುಗ್ಸಿ ಬರ್ರಿ.”

ಫೋನು ಮತ್ತೆ ಹಾಲಿನ ಪ್ಯಾಕೆಟ್ಟಿಗೆ ಹೋಗುತ್ತದೆ. ತಮ್ಮ ಮಟ್ಟಿಗೆ ಬೆಳಗಿನ ಕೆಲಸ ಮುಗಿಯಿತೆಂದು ಅವರು ಸೈಕಲ್ ಹತ್ತುತ್ತಾರೆ.

ಮಾಸ್ತಪ್ಪ ಅವರಿಗೆ ಐವತ್ತೆಂಟು ವರ್ಷ. ನೀರು ಬಳಕೆದಾರರ ಸಂಘ ನೇಮಿಸಿದ ನೀರುಗಂಟಿ; ಹಳಬರ ಬಾಯಲ್ಲಿ ಇನ್ನೂ ‘ಸೌಡಿ’. ಕವಲಿಗೆ ಹದಿನಾಲ್ಕು ತೂಬುಗಳು, ಮುನ್ನೂರ ಮೂವತ್ತಾರು ಎಕರೆ. ಒಂದೊಂದು ತೂಬಿಗೆ ವಾರಕ್ಕೊಮ್ಮೆ ಹನ್ನೆರಡು ತಾಸು ನೀರು, ಅಂದರೆ ಎಕರೆಗೆ ಅರ್ಧ ತಾಸು. ಈ ಭಾಗಾಕಾರವನ್ನು ದಿನವೂ ನೆಲದ ಮೇಲೆ ಮಾಡಿ ತೋರಿಸುವುದೇ ಅವರ ಉದ್ಯೋಗ. ನಾಲೆಯಲ್ಲಿ ನೀರಿರುವ ತಿಂಗಳುಗಳಿಗಷ್ಟೇ ಗೌರವಧನ. ಉಳಿದ ದಿನಗಳಲ್ಲಿ ತಮ್ಮದೇ ಒಂದು ಎಕರೆಯಲ್ಲಿ ದುಡಿಯುತ್ತಾರೆ, ಸಾಲದಿದ್ದರೆ ಪರರ ಹೊಲಕ್ಕೆ ಹೋಗುತ್ತಾರೆ. ಆ ಒಂದು ಎಕರೆ ನಾಲ್ಕನೇ ತೂಬಿನಲ್ಲಿದೆ. ತೂಬಿನವರಲ್ಲಿ ಅವರದೇ ಕೊನೆಯ ಸರದಿ. ನೀರು ಹಂಚುವವನು ಮೊದಲು ತನಗೆ ಬಿಟ್ಟುಕೊಳ್ಳಬಾರದೆಂದು ಅವರೇ ಹಾಕಿಕೊಂಡ ಕ್ರಮವಿದು.

ಕವಲಿನ ರೈತರಿಗೆ ಎರಡು ಕಟ್ಟಳೆಗಳಿವೆ. ತಿಳಿಸದೆ ಸರದಿಯನ್ನು ಹಿಂದೆ ಮುಂದೆ ಮಾಡುವಂತಿಲ್ಲ. ತಪ್ಪಿದ ಸರದಿಯನ್ನು ಮರಳಿ ಕೇಳುವಂತಿಲ್ಲ. ಎರಡನೆಯದು ಕಠಿಣ, ಆದರೆ ಅದಿಲ್ಲದಿದ್ದ ಕಾಲದಲ್ಲಿ ಗುದ್ದಲಿಗಳು ಮಣ್ಣಿನ ಮೇಲಷ್ಟೇ ಬೀಳುತ್ತಿರಲಿಲ್ಲ. ಹತ್ತು ವರ್ಷಗಳ ಹಿಂದೆ ಅಂಥದೊಂದು ಜಗಳದಲ್ಲಿ ಇಬ್ಬರ ತಲೆ ಒಡೆದು, ಗೇಟಿನ ಕೀಲಿ ಯಾರ ಬಳಿಯಿತ್ತೆಂಬ ಪ್ರಶ್ನೆ ಎದ್ದಿತ್ತು. ಮಾಸ್ತಪ್ಪ ಅವರನ್ನು ಪೊಲೀಸ್ ಠಾಣೆಯ ಬೆಂಚಿನ ಮೇಲೆ ಒಂದು ಹಗಲು, ಒಂದು ರಾತ್ರಿ ಕೂರಿಸಲಾಯಿತು. ಹೊಡೆಯಲಿಲ್ಲ, ಬೈಯಲಿಲ್ಲ, ಕೇಸೂ ಹಾಕಲಿಲ್ಲ. ಬೆಳಿಗ್ಗೆ ಕರೆದು ಹೋಗು ಎಂದರು. ಆದರೆ ಆ ಬೆಂಚು ಅವರ ಮನಸ್ಸಿನಿಂದ ಇನ್ನೂ ಎದ್ದು ಹೋಗಿಲ್ಲ.

ಎರಡು ವರ್ಷಗಳ ಹಿಂದೆ ಸಂಘದ ಕಾರ್ಯದರ್ಶಿ ಸಿದ್ಧಲಿಂಗೇಶ್ ಈ ಗುಂಪನ್ನು ತೆರೆದರು. ಅಲ್ಲಿಯವರೆಗೆ ಮಾಸ್ತಪ್ಪ ಸೈಕಲ್ ಮೇಲೆ ಓಣಿ ಓಣಿ ಸುತ್ತಿ ಸರದಿ ಸಾರುತ್ತಿದ್ದರು. ಗುಂಪಿನಲ್ಲಿ ಹೇಳಿದರೆ ಮನೆಗೆ ಹೋಗಿ ಹೇಳಿದಂತೆಯೇ ಸರಿ ಎಂದು ಸಂಘ ಠರಾವು ಮಾಡಿತು. ಬರೆಯುವುದು ನಿಧಾನವೆಂದು ಅವರು ದನಿ ಕಳಿಸತೊಡಗಿದರು. ಬೆಳಿಗ್ಗೆ ಒಲೆಯ ಮುಂದೆ ಆ ದನಿ ಕೇಳುವುದು ಎಷ್ಟೋ ಮನೆಗಳಲ್ಲಿ ಅಭ್ಯಾಸವಾಯಿತು. ಜ್ವರ ಬಂದು ಒಂದು ದಿನ ದನಿ ಕಳಿಸದಿದ್ದಾಗ ವಿಚಾರಿಸಲು ಹನ್ನೊಂದು ಜನ ಮನೆಗೆ ಬಂದಿದ್ದರೆಂದು ಅವರ ಹೆಂಡತಿ ದ್ಯಾಮಮ್ಮ ಇಂದಿಗೂ ಹೇಳುತ್ತಾರೆ. ಹನ್ನೊಂದೂ ಲೋಟ ಚಹಾ ಕಾಸಿದವರು ಅವರು.

ಅಂಥ ಗುಂಪು ಒಂದೇ ದಿನದಲ್ಲಿ ಬರಿದಾದದ್ದು ಬರದಿಂದಲ್ಲ, ಕಾನೂನಿನ ಚರ್ಚೆಯಿಂದ.

ಮಂಗಳವಾರ ಬೆಳಿಗ್ಗೆ ಯಾರೋ ಒಬ್ಬರು ಒಬ್ಬ ಮುಖಂಡರ ತಲೆಯನ್ನು ಎಮ್ಮೆಯ ಮೈಗೆ ಅಂಟಿಸಿದ ಚಿತ್ರವೊಂದನ್ನು ಗುಂಪಿಗೆ ಹಾಕುತ್ತಾರೆ. ಅದರ ಬೆನ್ನಿಗೇ ಇನ್ನೊಂದು ಸಂದೇಶ ಬರುತ್ತದೆ: ಇಂದಿನಿಂದ ಹೊಸ ಕಾಯ್ದೆ ಜಾರಿ, ಗುಂಪಿನಲ್ಲಿ ಯಾರು ಏನು ಹಾಕಿದರೂ ಅಡ್ಮಿನ್‌ಗೆ ಮೂರು ವರ್ಷ ಜೈಲು, ಸಂದೇಶದ ಪಕ್ಕದ ಮೂರು ಗೆರೆ ಕೆಂಪಾದರೆ ಪೊಲೀಸರು ಹೊರಟಿದ್ದಾರೆಂದು ತಿಳಿಯಿರಿ. ಸಹಿಯಿಲ್ಲ, ತಾರೀಕಿಲ್ಲ. ಆದರೂ ಅದನ್ನು ಓದಿದವರು ಮೊದಲು ಮಾಡಿದ ಕೆಲಸವೆಂದರೆ ಇನ್ನೊಂದು ಗುಂಪಿಗೆ ಕಳಿಸಿದ್ದು.

ಮಧ್ಯಾಹ್ನದ ಹೊತ್ತಿಗೆ ಗುಂಪಿನ ತುಂಬ ವಕೀಲರು. ಯಾವ ಸಂದೇಶದ ಕೆಳಗಾದರೂ ‘ಕೇವಲ ಮಾಹಿತಿಗಾಗಿ’ ಎಂದು ಬರೆದರೆ ಕಾಯ್ದೆ ಮುಟ್ಟುವುದಿಲ್ಲವೆಂದು ಒಬ್ಬರು ಸಾಧಿಸುತ್ತಾರೆ. ಅಳಿಸಿಬಿಟ್ಟರೆ ಅಪರಾಧವೂ ಅಳಿಸಿಹೋಗುತ್ತದೆಂದು ಮತ್ತೊಬ್ಬರು. ನನ್ನ ಫೋಟೊ, ನನ್ನ ಮಾತು ಬಳಸಲು ಯಾರಿಗೂ ಅನುಮತಿಯಿಲ್ಲವೆಂಬ ಘೋಷಣೆಯೊಂದನ್ನು ಮೂರನೆಯವರು ಹಾಕುತ್ತಾರೆ. ಅದನ್ನು ನಕಲು ಮಾಡಿ ಹಾಕದವರು ಹಕ್ಕು ಕಳೆದುಕೊಳ್ಳುತ್ತಾರೆಂಬ ಎಚ್ಚರಿಕೆಯೂ ಅದರಲ್ಲೇ ಇರುವುದರಿಂದ ಅರವತ್ತಕ್ಕೂ ಹೆಚ್ಚು ಜನ ಅದನ್ನು ಅಕ್ಷರ ಬಿಡದೆ ಅಂಟಿಸುತ್ತಾರೆ. ಆ ಘೋಷಣೆಗಳ ನಡುವೆ ಅಂದಿನ ಸರದಿಯ ದನಿ ಎಲ್ಲೋ ಹೂತುಹೋಗುತ್ತದೆ.

ಇವರೆಲ್ಲರ ಮೇಲೆ ಕೊನೆಯ ಮಾತು ಗುರುಪ್ರಕಾಶ್ ಅವರದು. ಶಿರಾಳಕೊಪ್ಪದಲ್ಲಿ ಗೊಬ್ಬರ, ಬೀಜದ ಅಂಗಡಿ ಇಟ್ಟವರು. ಹತ್ತನೇ ತೂಬಿನಲ್ಲಿ ಐದು ಎಕರೆ ಇದೆ. ಅಂಗಡಿಯಲ್ಲಿ ಗಿರಾಕಿಯಿಲ್ಲದ ಹೊತ್ತಿನಲ್ಲಿ ಕಾನೂನಿನ ವಿಡಿಯೊ ನೋಡುವುದು ಅವರ ಹವ್ಯಾಸ. ಐಟಿ ಕಾಯ್ದೆಯ ಅರವತ್ತಾರು-ಎ ಕಲಮನ್ನು ಉಲ್ಲೇಖಿಸಿ ಅವರು ಬರೆಯುತ್ತಾರೆ: ತೂಬಿನ ಕೀಲಿ ಯಾರ ಕೈಯಲ್ಲಿದೆಯೋ, ಹರಿದದ್ದಕ್ಕೆಲ್ಲ ಅವನೇ ಜವಾಬ್ದಾರ, ಗುಂಪಿನ ಕೀಲಿ ಅಡ್ಮಿನ್ ಕೈಯಲ್ಲಿದೆ.

ಬೇರೆ ಊರಿನಲ್ಲಾದರೆ ಈ ಮಾತು ಇಷ್ಟು ನಾಟುತ್ತಿರಲಿಲ್ಲವೇನೋ. ಇಲ್ಲಿಯವರಿಗೆ ತೂಬೆಂದರೆ ತಿಳಿಯುತ್ತದೆ, ಕೀಲಿಯೆಂದರೆ ತಿಳಿಯುತ್ತದೆ, ಹರಿದ ನೀರಿಗೆ ಕೀಲಿಯವನನ್ನು ಕೇಳುವ ರೂಢಿಯೂ ಇದೆ. ಸಂಜೆ ಸಿದ್ಧಲಿಂಗೇಶ್ ಗುಂಪು ಬಿಡುತ್ತಾರೆ.

ಅಡ್ಮಿನ್ ಹೊರಗೆ ಹೋದರೆ ಆ ಪದವಿ ತಾನಾಗಿ ಮತ್ತೊಬ್ಬರ ಹೆಗಲೇರುತ್ತದೆ. ಸಿದ್ಧಲಿಂಗೇಶ್ ಬಿಟ್ಟದ್ದು ಒಬ್ಬ ನಿವೃತ್ತ ಮೇಷ್ಟ್ರ ಪಾಲಿಗೆ ಬಂತು; ಅವರು ಚಪ್ಪಲಿ ಬಿಚ್ಚುವ ಮೊದಲೇ ಬಿಟ್ಟರು. ಅವರಿಂದ ಒಬ್ಬ ಹಾಲಿನ ಡೇರಿಯವರಿಗೆ, ಅಲ್ಲಿಂದ ಇನ್ನೊಬ್ಬರಿಗೆ. ಬರಬಹುದೆಂದು ಹೆದರಿದವರು ಬರುವ ಮುಂಚೆಯೇ ಹೊರನಡೆದರು. ನೆಂಟರಿಗೆ ಫೋನ್ ಮಾಡಿ ನೀವೂ ಬಿಡಿ ಎಂದರು. ಕಾನೂನು ಹೇಳಿದ ಗುರುಪ್ರಕಾಶ್ ರಾತ್ರಿಯ ಊಟಕ್ಕೆ ಮೊದಲೇ ಬಿಟ್ಟಾಗಿತ್ತು. ಬೆಳಗಾಗುವಾಗ ಉಳಿದ ಹತ್ತೊಂಬತ್ತು ಮಂದಿಯಲ್ಲಿ ಹೆಚ್ಚಿನವರು ಗುಂಪು ಬಿಡುವ ಗುಂಡಿ ಎಲ್ಲಿದೆಯೆಂದು ತಿಳಿಯದ ವೃದ್ಧರು. ಅಡ್ಮಿನ್ ಪದವಿ ಬಂದು ನಿಂತದ್ದು ಮಾಸ್ತಪ್ಪ ಅವರ ಮೇಲೆ.

ಬುಧವಾರ ಹತ್ತು ಗಂಟೆಗೆ ಗೇಟಿನ ಚಕ್ರಕ್ಕೆ ಗ್ರೀಸು ತರಲೆಂದು ಶಿರಾಳಕೊಪ್ಪಕ್ಕೆ ಹೋದಾಗ ಈ ಸುದ್ದಿಯನ್ನು ಅವರಿಗೆ ಕೊಟ್ಟವರು ಗುರುಪ್ರಕಾಶ್. ಬಸ್ ನಿಲ್ದಾಣದ ಹತ್ತಿರದ ಚಹಾದಂಗಡಿಯಲ್ಲಿ ಬೆಂಚಿನ ಅರ್ಧವನ್ನು ಒರೆಸಿ ಕೊಟ್ಟು, “ಬರ್ರಿ ಅಡ್ಮಿನ್ ಸಾಹೇಬ್ರೆ, ಕೂರ್ರಿ. ಇನ್ಮೇಲೆ ನಿಮ್ಗೆ ಸರ್ಕಾರಿ ಊಟ,” ಎಂದರು. ಸುತ್ತ ಕುಳಿತವರು ನಕ್ಕರು. ಮಾಸ್ತಪ್ಪ ಕೂಡ ನಕ್ಕರು, ಅದು ತಮಾಷೆಯಲ್ಲವೆಂದು ತಿಳಿಯುವವರೆಗೆ.

ಫೋನು ತೆಗೆದು ನೋಡಿದರು. ಹೌದು, ಅವರ ಹೆಸರಿನ ಪಕ್ಕದಲ್ಲಿಯೇ ಆ ಪದವಿದೆ. ಎಮ್ಮೆಯ ಚಿತ್ರವೂ ಇನ್ನೂ ಅಲ್ಲೇ ಇದೆ. ಬಿಟ್ಟುಬಿಡಿ, ಒಂದು ಗುಂಡಿ ಒತ್ತಿದರಾಯಿತು ಎಂದು ಗುರುಪ್ರಕಾಶ್ ಬೆರಳಿಟ್ಟು ತೋರಿಸಿದರು. ಮಾಸ್ತಪ್ಪ ಹೆಬ್ಬೆರಳನ್ನು ಅದರ ಮೇಲೆ ತಂದು, ನಿಲ್ಲಿಸಿ, ಕೇಳಿದರು: “ನಾನು ಬಿಟ್ರೆ ಯಾರಿಗೆ ಹೋಗ್ತೈತ್ರಿ ಸಾವ್ಕಾರ್ರೆ?”

“ಯಾರಿಗಾದ್ರೂ ಹೋಗ್ಲಿ. ನಿಮಗ್ಯಾಕೆ?”

“ಉಳಿದೋರು ಬರೇ ಮುದುಕ್ರು ಅದಾರಲ್ರಿ.”

ಹೆಬ್ಬೆರಳು ಹಿಂದೆ ಬಂತು. ಆದರೆ ಚಹಾ ಕುಡಿಯಲಾಗಲಿಲ್ಲ. ಹತ್ತು ವರ್ಷದ ಹಿಂದಿನ ಬೆಂಚು ಕಣ್ಣ ಮುಂದೆ ಬಂದು ಕುಳಿತಿತ್ತು. ಗುಂಪು ಬಿಟ್ಟುಹೋದವರ ಹೆಸರುಗಳನ್ನು ಅವರು ಆ ಹೊತ್ತಿನಲ್ಲಿ ಒಮ್ಮೆ ನೋಡಿದ್ದರೆ ಸಾಕಿತ್ತು. ಹೆದರಿದ ಮನುಷ್ಯ ತನಗೇನಾಗುವುದೆಂದು ಮಾತ್ರ ಲೆಕ್ಕ ಹಾಕುತ್ತಾನೆ. ಅವರೂ ಅಷ್ಟೇ ಹಾಕಿದರು.

ಮೂರು ಗಂಟೆಗೆ ಸ್ವಲ್ಪ ಮೊದಲು ನೀಲಾಂಬಿಕ ಗುದ್ದಲಿ ಹಿಡಿದು ಹದಿನಾಲ್ಕನೇ ತೂಬಿಗೆ ಬಂದಾಗ ನಾಲೆಯ ತಳದಲ್ಲಿ ಕೆಸರು ಮಾತ್ರ ಇತ್ತು. ತಾಳಗುಂದದಲ್ಲಿ ಹುಟ್ಟಿ ಈ ಕಡೆಗೆ ಸೊಸೆಯಾಗಿ ಬಂದವರು; ಎರಡು ಎಕರೆ ಮೆಕ್ಕೆಜೋಳವನ್ನು ತಾವೇ ನಿಂತು ಮಾಡಿಸುವವರು. ತೂಬಿನ ಉಳಿದ ರೈತರೆಲ್ಲ ಪಕ್ಕದ ಊರಿನವರಾದುದರಿಂದ ನೀರು ಕಂಡೇ ಬರುತ್ತಾರೆ. ಇವರ ಮನೆ ಮಾತ್ರ ಹಳ್ಳದ ಆಚೆ, ಮೂರು ಮೈಲಿ ದೂರ. ಕೊನೆಯ ತೂಬಿನ ಕೊನೆಯ ಸರದಿ ಇವರದು. ಇವರು ತಿರುಗಿಸಿಕೊಳ್ಳದ ನೀರು ಸೀದಾ ಹಳ್ಳಕ್ಕೆ ಹೋಗುತ್ತದೆ. ಅಂದು ಒಂದರಿಂದ ಎರಡರವರೆಗೆ ಹೋದದ್ದೂ ಹಾಗೆಯೇ. ಜೋಳದ ನೆತ್ತಿಯಲ್ಲಿ ಹೂಗೊಂಚಲು, ಅಂದರೆ ಸೂಲಂಗಿ, ಒಡೆಯುತ್ತಿರುವ ವಾರ. ಆ ಹೊತ್ತಿನಲ್ಲಿ ನೀರು ತಪ್ಪಿದರೆ ತೆನೆಯಲ್ಲಿ ಕಾಳು ಕೂರುವುದಿಲ್ಲ. ಮುಂದೆ ಎಷ್ಟು ನೀರು ಕೊಟ್ಟರೂ ತೆನೆಯ ತುದಿ ಬೋಳಾಗಿಯೇ ಉಳಿಯುತ್ತದೆ.

ಎರಡಕ್ಕೆ ಗೇಟು ಮುಚ್ಚಿದ್ದ ಮಾಸ್ತಪ್ಪ ಅದರ ಚಕ್ರಕ್ಕೆ ಗ್ರೀಸು ಹಚ್ಚುತ್ತಿದ್ದರು. “ಮಾಸ್ತಪ್ಪಣ್ಣ, ನೀರೆಲ್ಲಿ?” ಎಂದು ನೀಲಾಂಬಿಕ ಕೇಳಿದರು.

ಬೆಳಿಗ್ಗೆಯೇ ಹೇಳಿದೆನಲ್ಲ, ಒಂದಕ್ಕೆ ಎಂದು ಹೇಳಿದೆನಲ್ಲ ಎಂದರು ಮಾಸ್ತಪ್ಪ.

“ನಾನು ನಿನ್ನೆ ಸಂಜೀಗೇ ಬಿಟ್ಟೆನಲ್ಲ ಗುಂಪು. ಅಡ್ಮಿನ್ ಅನ್ನಾದು ಮುಂದೆ ನಿನಗೇ ಬರ್ತೈತಿ, ಹೆಣ್ಮಗಳು ಠಾಣೆ ಮೆಟ್ಲು ಹತ್ತಬ್ಯಾಡ ಅಂದ್ರು ಓಣಿಯೋರು.” ಸೆರಗು ಬಿಗಿದು ಸಿಕ್ಕಿಸಿಕೊಳ್ಳುತ್ತ, “ನಿಮ್ದೇನೂ ತಪ್ಪಿಲ್ಲ ಬಿಡ್ರಿ. ಹೊರಗೆ ಹೋದೋಳು ನಾನೇ,” ಎಂದರು. ಗುದ್ದಲಿಯನ್ನು ಹೆಗಲಿಗೇರಿಸಿ ಬಂದ ದಾರಿಯಲ್ಲೇ ನಡೆದರು.

ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತೆಂದು ಮಾಸ್ತಪ್ಪ ಹೇಳುತ್ತಾರೆ. ಸಂಘದ ಠರಾವಿನಂತೆ ಅವರು ನಿರ್ದೋಷಿ: ಗುಂಪಿನಲ್ಲಿ ಹೇಳಿದ್ದಾರೆ, ಹೇಳಿದ್ದು ದಾಖಲೆಯಲ್ಲಿದೆ. “ಹೇಳ್ದೆ ನಿಜ. ಅವರಿಗೆ ಕೇಳ್ಲಿಲ್ಲ ಅನ್ನಾದೂ ನಿಜ. ಒಂದು ಫೋನ್ ಮಾಡ್ಬಹುದಿತ್ತು. ನನ್ ತಲೇಲಿ ಜೈಲು ತುಂಬ್ಕಂಡಿತ್ತು.”

ಮನೆಯಲ್ಲಿ ದ್ಯಾಮಮ್ಮ ರೊಟ್ಟಿ ಬಡಿಸುತ್ತ ಸುದ್ದಿಯನ್ನೆಲ್ಲ ಕೇಳಿದರು. ಜೈಲಿಗೆ ಹೋಗುವುದಾದರೆ ಗೇಟಿನ ಕೀಲಿಯನ್ನು ಸಂಘಕ್ಕೆ ಒಪ್ಪಿಸಿ ಹೋಗಿ, ನನ್ನ ಕೊರಳಿಗೆ ಕಟ್ಟಬೇಡಿ ಎಂದರು. ಗೊಬ್ಬರ ಮಾರುವವರನ್ನು ಕಾನೂನು ಕೇಳಿದವರು ಕಾನೂನು ಓದಿದವರನ್ನೂ ಒಮ್ಮೆ ಕೇಳಬಹುದಲ್ಲವೇ ಎಂದೂ ಸೇರಿಸಿದರು. ಎರಡನೇ ತೂಬಿನ ಸುಬ್ಬಯ್ಯನವರ ಮಗಳು ಪ್ರಿಯಂವದಾ ಸೊರಬದಲ್ಲಿ ವಕೀಲಿ ಮಾಡುತ್ತಾರೆ. ಗುರುವಾರ ಬೆಳಿಗ್ಗೆ ಸರದಿಯ ದನಿ ಕಳಿಸಿ, ಹತ್ತೊಂಬತ್ತರಲ್ಲಿ ಇಲ್ಲದ ಎರಡನೇ ತೂಬಿನವರಿಗೆಲ್ಲ ಒಂದೊಂದಾಗಿ ಫೋನು ಮಾಡಿ, ಮಾಸ್ತಪ್ಪ ಸೊರಬದ ಬಸ್ ಹತ್ತಿದರು.

ನ್ಯಾಯಾಲಯದ ಆವರಣದಲ್ಲಿ ಪ್ರಿಯಂವದಾ ಒಂದು ಪ್ರಕರಣ ಮುಗಿಸಿ ಹೊರಬಂದಿದ್ದರು. ಮಾಸ್ತಪ್ಪ ನಿಂತೇ ಎಲ್ಲವನ್ನೂ ಹೇಳಿದರು: ಮೂರು ವರ್ಷದ ಜೈಲು, ಮೂರು ಕೆಂಪು ಗೆರೆ, ಅರವತ್ತಾರು-ಎ, ಕೊನೆಗೆ ತೂಬು ಮತ್ತು ಕೀಲಿ. ವಕೀಲರು ನಗಲಿಲ್ಲ. ಕಲ್ಲುಕಟ್ಟೆಯ ಮೇಲೆ ಕೂರಲು ಹೇಳಿ ಒಂದೊಂದಾಗಿ ಬಿಡಿಸಿದರು. ಅರವತ್ತಾರು-ಎ ಕಲಮನ್ನು ಸುಪ್ರೀಂ ಕೋರ್ಟು ೨೦೧೫ರಲ್ಲೇ ಹೊಡೆದುಹಾಕಿದೆ. ಇಲ್ಲದ ಕಲಮಿಗೆ ಹೆದರುವುದು ಬೇಡ. ಕೆಂಪು ಗೆರೆ ಎಂಬುದಿಲ್ಲ. ಗುಂಪಿನ ಸದಸ್ಯ ಹಾಕಿದ್ದಕ್ಕೆ ಅಡ್ಮಿನ್ ಆದ ಕಾರಣಕ್ಕೇ ಒಬ್ಬ ಅಪರಾಧಿಯಾಗುವುದಿಲ್ಲವೆಂದು ಬಾಂಬೆ ಮತ್ತು ಕೇರಳದ ಹೈಕೋರ್ಟುಗಳು ಹೇಳಿವೆ.

ತೂಬಿನ ಮಾತಿಗೆ ಮಾತ್ರ ಅವರು ತಾವೂ ನಾಲೆಯ ಊರಿನವರಾಗಿ ಉತ್ತರ ಕೊಟ್ಟರು. “ಮೇಲಿನೋರು ಯಾರೋ ನಾಲೆಗೆ ಸತ್ತ ನಾಯಿ ಎಸೆದ್ರು ಅಂತಿಟ್ಕೊಳ್ಳಿ. ಅದು ನಿಮ್ಮ ತೂಬಿಗೆ ಬಂತು. ನಾಯಿ ಕೊಂದೋರು ನೀವು ಅಂತಾರಾ ಮಾರಾಯ್ರೆ? ನೀವೇ ಎಸೆದಿದ್ರೆ, ಇಲ್ಲಾ ಎಸೀರಿ ಅಂತ ನೀವೇ ಹೇಳಿದ್ರೆ, ಆಗ ಅಂತಾರೆ.”

“ಬಂದ ನಾಯೀನ ಹಂಗೇ ಬಿಟ್ರೆ, ಮೇಡಮ್ಮೋರೆ?”

“ತೆಗ್ದು ಹಾಕಿ. ಹೆದ್ರಿಕೆಗಲ್ಲ, ನಾಳೆ ಆ ನೀರು ಕುಡಿಯೋದು ನಮ್ಮ ದನಾನೇ ಅಲ್ದಾ?”

ಹಾಗಾದರೆ ಪೊಲೀಸರು ಕರೆಯುವುದೇ ಇಲ್ಲವೇ ಎಂದು ಮಾಸ್ತಪ್ಪ ಕೇಳಿದರು. ಆ ಭರವಸೆಯನ್ನು ಪ್ರಿಯಂವದಾ ಕೊಡಲಿಲ್ಲ. ದೂರು ಬಂದರೆ ಕರೆದು ಕೇಳಬಹುದು. ಕೇಳಿದರೆ ಇದ್ದದ್ದನ್ನು ಹೇಳಬೇಕು. ಹತ್ತು ವರ್ಷದ ಹಿಂದೆ ಠಾಣೆಯಲ್ಲಿ ಕೂರಿಸಿದ್ದ ಸಂಗತಿ ಅವರಿಗೂ ತಂದೆಯಿಂದ ತಿಳಿದಿತ್ತು. “ಅವತ್ತು ಕೂರ್ಸಿದ್ರು. ಕೇಸು ಹಾಕಿದ್ರಾ?” ಎಂದು ಕೇಳಿದರು. ಇಲ್ಲವೆಂದರು ಮಾಸ್ತಪ್ಪ. “ಕರೆಯೋದು ಬೇರೆ, ತಪ್ಪು ಹೊರ್ಸೋದು ಬೇರೆ. ಆ ಎರಡರ ನಡುವೆ ಇರೋದೇ ನಮ್ಮ ಕೆಲ್ಸ. ಕರೆದ್ರೆ ನಂಗೊಂದು ಫೋನ್ ಮಾಡಿ.”

ಹೊರಡುವ ಮುಂಚೆ ಅವರು ಇನ್ನೊಂದು ಮಾತು ಹೇಳಿದರು. ‘ಕೇವಲ ಮಾಹಿತಿಗಾಗಿ’ ಎಂದು ಬರೆದ ಮಾತ್ರಕ್ಕೆ ಸುಳ್ಳು ನಿಜವಾಗುವುದಿಲ್ಲ, ಕಳಿಸಿದವರ ಹೊಣೆಯೂ ತಪ್ಪುವುದಿಲ್ಲ. ತಮ್ಮ ಕೈಯಾರೆ ಇತರರಿಗೆ ಕಳಿಸಿದ್ದಕ್ಕೆ ತಾವೇ ಉತ್ತರ ಹೇಳಬೇಕಾಗಬಹುದು. ಇದನ್ನು ಲೆಕ್ಕಕ್ಕಿಟ್ಟು ನೋಡಿದರೆ ಆ ಮಂಗಳವಾರ ನಡೆದದ್ದು ವಿಚಿತ್ರವಾಗಿದೆ. ನೂರ ತೊಂಬತ್ತನಾಲ್ಕು ಮಂದಿ ಸಿಕ್ಕಿದ್ದನ್ನೆಲ್ಲ ಕಳಿಸುವ ತಮ್ಮ ಬೆರಳಿಗೆ ಹೆದರದೆ, ಹೆದರಬೇಕಿಲ್ಲದ ಅಡ್ಮಿನ್ ಕುರ್ಚಿಯಿಂದ ಓಡಿಹೋಗಿದ್ದಾರೆ.

ಬಸ್ಸಿನಲ್ಲೇ ಮಾಸ್ತಪ್ಪ ಎಮ್ಮೆಯ ಚಿತ್ರವನ್ನು ಅಳಿಸಿದರು. ಅಡ್ಮಿನ್‌ಗೆ ಆ ಅಧಿಕಾರವಿದೆಯೆಂಬುದನ್ನು ಪ್ರಿಯಂವದಾ ತೋರಿಸಿಕೊಟ್ಟಿದ್ದರು. ಸಂಜೆಯಿಂದ ಸೈಕಲ್ ಮತ್ತೆ ಓಣಿಗಿಳಿಯಿತು. ಪ್ರತಿ ಮನೆಯ ಕಟ್ಟೆಯಲ್ಲಿ ಅದೇ ಮಾತು: ಸತ್ತ ನಾಯಿ, ಎಸೆದವನು, ತೂಬಿನವನು. ಕೆಲವರು ತಕ್ಷಣ ಒಪ್ಪಿದರು. ಕೆಲವರು ನೀವೊಬ್ಬರೇ ಅಡ್ಮಿನ್ ಆಗಿರುವುದಾದರೆ ಬರುತ್ತೇವೆಂದು ಷರತ್ತು ಹಾಕಿದರು. ಸಿದ್ಧಲಿಂಗೇಶ್ ಚಹಾ ಕೊಟ್ಟು, ಕುರ್ಚಿ ಕೊಟ್ಟು, ಗುಂಪಿಗೂ ಮರಳಿ ಬಂದು, ಪದವಿಯನ್ನು ಮಾತ್ರ ಕೈಮುಗಿದು ಬೇಡವೆಂದರು.

ಗುರುಪ್ರಕಾಶ್ ಅವರದು ಬೇರೆಯೇ ದಾರಿ. ಎಲ್ಲವನ್ನೂ ಕೇಳಿಸಿಕೊಂಡು, “ಕೋರ್ಟು ಕೇರಳದ್ದು, ನಾಲೆ ಶಿಕಾರಿಪುರದ್ದು,” ಎಂದರು. ಅಂಗಡಿಯಲ್ಲಿದ್ದವರಿಗೆ ಈ ಮಾತು ಬಹಳ ಹಿಡಿಸಿತು. ಅದರಲ್ಲಿ ಅರ್ಧ ಸತ್ಯವೂ ಇದೆ: ಒಂದು ರಾಜ್ಯದ ಹೈಕೋರ್ಟಿನ ತೀರ್ಪು ಇನ್ನೊಂದು ರಾಜ್ಯದ ಹೈಕೋರ್ಟನ್ನು ಕಟ್ಟಿಹಾಕುವುದಿಲ್ಲ, ಆದರೆ ವಾದಕ್ಕೆ ಆಧಾರವಾಗಿ ನಿಲ್ಲುತ್ತದೆ. ಮಾಸ್ತಪ್ಪ ಅವರಿಗೆ ಈ ಸೂಕ್ಷ್ಮ ಗೊತ್ತಿರಲಿಲ್ಲ. “ಇರ್ಬೋದ್ರಿ. ನಿಮ್ಮ ಹತ್ತನೇ ತೂಬಿಗೆ ಸೋಮವಾರ ನೀರು ಬರ್ತೈತಿ. ಹೇಳಾದು ಬ್ಯಾಡ ಅಂದ್ರೆ ಬ್ಯಾಡ,” ಎಂದಷ್ಟೇ ಹೇಳಿದರು. ಗುರುಪ್ರಕಾಶ್ ಫೋನು ಮುಂದೆ ಚಾಚಿ, ಸೇರಿಸಿ ಎಂದರು. ಅಂದಿನಿಂದ ಅವರು ಯೂರಿಯಾ ಬಂದಿದೆಯೆಂದು ಬರೆದರೂ ಅದರ ಕೆಳಗೆ ‘ಕೇವಲ ಮಾಹಿತಿಗಾಗಿ, ಅಡ್ಮಿನ್ ಜವಾಬ್ದಾರರಲ್ಲ’ ಎಂದು ಸೇರಿಸುತ್ತಾರೆ.

ಹಳ್ಳದಾಚೆಯ ಮನೆಗೆ ಮಾಸ್ತಪ್ಪ ಕೊನೆಗೆ ಹೋದರು. ನೀಲಾಂಬಿಕ ಗುಂಪಿಗೆ ಸೇರಲು ಒಪ್ಪಿದರು. ನಿಮ್ಮ ಒಂದು ತಾಸಿನ ನೀರನ್ನು ನಾನು ಕೊಡಬೇಕು ಎಂದು ಇವರು ಹೇಳಿದಾಗ ಮಾತ್ರ ಒಪ್ಪಲಿಲ್ಲ. ತಪ್ಪಿದ ಸರದಿ ವಾಪಸಿಲ್ಲವೆಂಬ ಕಟ್ಟಳೆ ನಿಮಗೆ ಗೊತ್ತಿಲ್ಲವೇ ಎಂದು ಕೇಳಿದರು. ಕಟ್ಟಳೆ ಇರುವುದು ಪರರ ನೀರಿಗೆ, ನನ್ನ ನೀರಿಗಲ್ಲ ಎಂದರು ಮಾಸ್ತಪ್ಪ.

ಅವರ ನೀರೆಂದರೆ ಒಂದು ಎಕರೆಯದು. ವಾರಕ್ಕೆ ಅರ್ಧ ತಾಸು. ತಡವಾಗಿ ಬಿತ್ತಿದ ಅವರ ಜೋಳ ಇನ್ನೂ ಎದೆಮಟ್ಟಕ್ಕೆ ಬಂದಿಲ್ಲ. ಒಂದು ನೀರು ತಪ್ಪಿದರೆ ಬಾಡಿದರೂ ಚೇತರಿಸಿಕೊಳ್ಳುತ್ತದೆ. ನೀಲಾಂಬಿಕ ಅವರ ಜೋಳಕ್ಕೆ ಆ ವ್ಯವಧಾನವಿಲ್ಲ. ಆದರೆ ನಾಲ್ಕನೇ ತೂಬಿನಲ್ಲಿ ಉಳಿಸಿದ ಅರ್ಧ ತಾಸು ಹದಿನಾಲ್ಕನೇ ತೂಬನ್ನು ಮುಟ್ಟಬೇಕಾದರೆ ನಡುವಿನ ಪ್ರತಿಯೊಂದು ತೂಬೂ ಅರ್ಧ ತಾಸು ಮೊದಲೇ ತೆರೆದು, ಅರ್ಧ ತಾಸು ಮೊದಲೇ ಮುಚ್ಚಬೇಕು. ಐದರಿಂದ ಹದಿಮೂರರವರೆಗೆ ಎಲ್ಲರೂ, ಹದಿನಾಲ್ಕರಲ್ಲಿ ನೀಲಾಂಬಿಕ ಅವರಿಗಿಂತ ಮೇಲಿನವರೂ. ಒಬ್ಬರಿಗೆ ತಿಳಿಯದೆ ಹೋದರೂ ಆ ಅರ್ಧ ತಾಸು ಅಲ್ಲೇ ಇಂಗಿಹೋಗುತ್ತದೆ.

ಶುಕ್ರವಾರ ಬೆಳಿಗ್ಗೆ ದನಿ ಹೊರಟಿತು. “ನಾಲ್ಕನೇ ತೂಬು ಇವತ್ತು ಅರ್ಧ ತಾಸು ಮೊದ್ಲೇ ಬಂದ್ ಮಾಡ್ತೀನಿ. ನನ್ ಹೊಲಕ್ಕೆ ಈ ವಾರ ನೀರಿಲ್ಲ. ಕೆಳಗಿನೋರೆಲ್ಲ ಅರ್ಧ ತಾಸು ಮುಂಚೆ ಬರ್ರಿ, ಅರ್ಧ ತಾಸು ಮುಂಚೆ ಬಿಡ್ರಿ. ಉಳಿದಿದ್ದು ಕೊನೇ ಹೊಲಕ್ಕೆ.” ಅರ್ಧ ತಾಸಿಗೆ ಇಷ್ಟೊಂದು ರಗಳೆಯೇ ಎಂದು ಒಬ್ಬರು ಬರೆದರು. ಇಬ್ಬರು ಹೆಬ್ಬೆರಳು ತೋರಿಸಿದರು. ಉಳಿದವರು ಹೇಳಿದ ಹೊತ್ತಿಗೆ ಬಂದರು. ಶನಿವಾರ, ಭಾನುವಾರ ಮಾಸ್ತಪ್ಪ ಪ್ರತಿ ತೂಬಿನ ಬಳಿಯೂ ಗಡಿಯಾರ ನೋಡುತ್ತ ನಿಂತರು. ಸೋಮವಾರ ಹತ್ತನೇ ತೂಬಿನಲ್ಲಿ ಗುರುಪ್ರಕಾಶ್ ತಾವೇ ಗೇಟು ಇಳಿಸಿ, ಸಮಯವನ್ನು ಗುಂಪಿನಲ್ಲಿ ಬರೆದರು, ಕೆಳಗಿನ ಎಂದಿನ ಸಾಲಿನೊಡನೆ.

ಬುಧವಾರ, ಹದಿನೆಂಟನೆಯ ತಾರೀಕು. ನೀಲಾಂಬಿಕ ಅವರ ಹೊಲದಲ್ಲಿ ಎರಡೂವರೆಗೆ ನೀರು ಸಾಲು ಹಿಡಿಯುತ್ತದೆ. ಮೂರೂವರೆಗೆ ಅವರ ಪಾಲು ಮುಗಿಯುತ್ತದೆ, ಆದರೆ ನೀರು ನಿಲ್ಲುವುದಿಲ್ಲ. ಮೇಲಿನ ಎಕರೆಯ ಸೂಲಂಗಿಗಳು ಬಾಡಿದ್ದವು. ಅಲ್ಲಿಯ ತೆನೆಗಳಲ್ಲಿ ಎಷ್ಟು ಕಾಳು ಕೂರುವುದೋ ಯಾರೂ ಹೇಳಲಾರರು. ಕೆಳಗಿನ ಎಕರೆ ಎರಡು ದಿನ ತಡವಾಗಿ ಬಿತ್ತಿದ್ದು, ಅದಿನ್ನೂ ಹಸಿರಾಗಿದೆ. ಹೆಚ್ಚಿನ ನೀರನ್ನು ಅವರು ಅದಕ್ಕೇ ತಿರುಗಿಸುತ್ತಾರೆ. ಮಾಸ್ತಪ್ಪ ಬದುವಿನ ಮೇಲೆ ನಿಂತು ನೋಡುತ್ತಾರೆ. ನಾಲ್ಕಕ್ಕೆ ಗೇಟಿನ ಚಕ್ರ ತಿರುಗುತ್ತದೆ.

“ಸಾಕು ಮಾಸ್ತಪ್ಪಣ್ಣ, ಲೆಕ್ಕ ಮುಗೀತು,” ಎನ್ನುತ್ತಾರೆ ನೀಲಾಂಬಿಕ, ಕಾಲಿನ ಕೆಸರು ತೊಳೆಯುತ್ತ.

“ಎಲ್ಲಿ ಮುಗೀತ್ರಿ? ಹೋಗಿದ್ದು ಒಂದು ತಾಸು. ಬಂದಿದ್ದು ಅರ್ಧ.”

“ನಿಮ್ ಜೋಳಾನೂ ಬರೋ ವಾರ ನೀರು ಕೇಳ್ತೈತಿ. ಅದಕ್ಕೇನು ಮಾಡ್ತೀರಿ?”

ಮಾಸ್ತಪ್ಪ ಹಾಲಿನ ಪ್ಯಾಕೆಟ್ಟಿನಿಂದ ಫೋನು ತೆಗೆಯುತ್ತಾರೆ. ಗುಂಪಿನಲ್ಲಿ ಈಗ ಇನ್ನೂರ ಒಂದು ಮಂದಿ ಇದ್ದಾರೆ, ಅಡ್ಮಿನ್ ಒಬ್ಬರೇ.

“ಎಲ್ರೂ ಕೇಳ್ರಿ,” ಎಂದು ಅವರು ಎದುರು ದಂಡೆಗೆ ಕೂಗುವ ದನಿಯಲ್ಲಿ ಹೇಳುತ್ತಾರೆ. “ಹದಿನಾಲ್ಕನೇ ತೂಬು ಬಂದ್ ಆತು. ನೀಲಾಂಬಿಕಮ್ಮೋರಿಗೆ ನಾನಿನ್ನೂ ಅರ್ಧ ತಾಸು ನೀರು ಕೊಡಾದೈತಿ. ನಾನು ಮರೆತ್ರೆ ನೀವು ನೆನಪು ಮಾಡ್ರಿ. ಇದಕ್ಕೆ ಅಡ್ಮಿನ್ನೇ ಜವಾಬ್ದಾರ.”